ಕಾಲನಿ ಲೆಕ್ಕದಲ್ಲಿ ನನ್ನ ಒಂದು ಸೊನ್ನೆ ಎಲ್ಲಿ ಹೋಯ್ತು? (ಬಯಾಲಜಿ ಲ್ಯಾಬ್ ಲೆಕ್ಕಗಳು)

ಮೊದಲ ಸೆಮ್ ಹುಡುಗಿ

ಎಲ್ಲರಿಗೂ ನಮಸ್ಕಾರ. ನಾನು ಬಿಎಸ್ಸಿ ಮೊದಲ ವರ್ಷ. ಗಣಿತದ ಸಹವಾಸ ಬೇಡ ಅಂತಲೇ ಬಯಾಲಜಿ ಕಡೆ ಬಂದವಳು. ಬಂದು ನೋಡಿದರೆ ಇಲ್ಲೂ ಅದೇ ಕಾದು ಕೂತಿದೆ.

ಕಳೆದ ವಾರ ಮಣ್ಣಿನ ಬ್ಯಾಕ್ಟೀರಿಯಾ ಎಣಿಸುವ ಪ್ರಯೋಗ ಇತ್ತು. ಹಾಸ್ಟೆಲ್ ಹಿಂದಿನ ಮಣ್ಣು 1 ಗ್ರಾಂ, 9 ಮಿ.ಲೀ. ಸಲೈನ್‌ಗೆ ಹಾಕಿದೆವು. ಅದರಿಂದ 1 ಮಿ.ಲೀ. ತೆಗೆದು ಮುಂದಿನ 9 ಮಿ.ಲೀ. ಟ್ಯೂಬ್‌ಗೆ. ಹೀಗೆ ಆರು ಟ್ಯೂಬ್. ಕೊನೆಯ ಮೂರು ಟ್ಯೂಬ್‌ಗಳಿಂದ 0.1 ಮಿ.ಲೀ. ತೆಗೆದು ಪ್ಲೇಟ್ ಮೇಲೆ ಹರಡಿದೆವು. ಎರಡು ದಿನ ಬಿಟ್ಟು ನೋಡಿದರೆ 10⁻⁴ ಪ್ಲೇಟ್ (ನಾಲ್ಕನೇ ಟ್ಯೂಬಿನದ್ದು, ಹತ್ತು ಸಾವಿರ ಪಟ್ಟು ತೆಳು) ತುಂಬಾ ಕಾಲನಿಗಳು, ಅಂದರೆ ಬ್ಯಾಕ್ಟೀರಿಯಾ ಬೆಳೆದ ಚುಕ್ಕೆಗಳು, ಎಣಿಸಲು ಆಗಲ್ಲ. 10⁻⁵ ಪ್ಲೇಟ್‌ನಲ್ಲಿ 64. 10⁻⁶ ಪ್ಲೇಟ್‌ನಲ್ಲಿ 7.

ನನ್ನ ಉತ್ತರ: ಒಂದು ಗ್ರಾಂ ಮಣ್ಣಿಗೆ 6.4 × 10⁶. ಪಕ್ಕದವಳ ಪ್ಲೇಟ್‌ನಲ್ಲಿ 71 ಕಾಲನಿ, ಅವಳ ಉತ್ತರ 7.1 × 10⁷. ಅದೇ ಮಣ್ಣು, ಅದೇ ಬೆಂಚು, ಅದೇ ಸೂತ್ರ. ನನ್ನದು ಹತ್ತು ಪಟ್ಟು ಕಡಿಮೆ! ರೆಕಾರ್ಡ್ ಕೆಂಪು ಇಂಕಿನಲ್ಲಿ ಸುತ್ತು ಹಾಕಿಸಿಕೊಂಡು ವಾಪಸ್ ಬಂದಿದೆ. ಏನು ತಪ್ಪು ಅಂತ ಬರೆದಿಲ್ಲ, ಸುಮ್ನೆ "ಮತ್ತೆ ಲೆಕ್ಕ ಹಾಕು" ಅಂತ ಇದೆ.

ಇನ್ನೊಂದು ಪ್ರಶ್ನೆ, ಇದು ಸ್ವಲ್ಪ ಭಯದ್ದು. ಝುವಾಲಜಿ ಲ್ಯಾಬ್‌ನಲ್ಲಿ ನನ್ನದೇ ರಕ್ತದಲ್ಲಿ ಬಿಳಿ ರಕ್ತಕಣ ಎಣಿಸಿದೆ. ಒಂದು ಘನ ಮಿ.ಮೀ. ರಕ್ತಕ್ಕೆ 26,400 ಬಂತು. ಪುಸ್ತಕದಲ್ಲಿ 4,000ದಿಂದ 11,000 ಅಂತ ಇದೆ. ನನಗೆ ಏನಾದರೂ ಆಗಿದೆಯಾ?

ಪೆಟ್ರಿ ತಟ್ಟೆ

ಮೊದಲ ಪ್ರಶ್ನೆ ಸುಲಭ. ನೀವು 0.1 ಮರೆತಿದ್ದೀರಿ. ನೂರಕ್ಕೆ ತೊಂಬತ್ತು ಮಂದಿ ಬೀಳುವ ಗುಂಡಿ ಇದೇ. ಪ್ಲೇಟ್‌ಗೆ ಹಾಕಿದ್ದು 1 ಮಿ.ಲೀ. ಅಲ್ಲ, ಅದರ ಹತ್ತನೇ ಒಂದು ಭಾಗ. 64 ಕಾಲನಿ ಬಂದದ್ದು ಆ ಹನಿಯಿಂದ. ಹಾಗಾದರೆ 1 ಮಿ.ಲೀ.ನಲ್ಲಿ 640. ಆ ಟ್ಯೂಬ್ ಒಂದು ಲಕ್ಷ ಪಟ್ಟು ತೆಳು ಮಾಡಿದ್ದು, ಆದ್ದರಿಂದ 640 × 1,00,000 = 6.4 × 10⁷. ಮುಗೀತು.

10⁻⁶ ಪ್ಲೇಟ್‌ನ 7 ಲೆಕ್ಕಕ್ಕೆ ತಗೋಬೇಡಿ. ರೂಢಿಯಲ್ಲಿ 30ರಿಂದ 300 ಕಾಲನಿ ಇರುವ ಪ್ಲೇಟ್ ಮಾತ್ರ ಎಣಿಸುತ್ತಾರೆ, ಕೆಲವು ಕಡೆ 25ರಿಂದ 250. 7ರ ಜಾಗದಲ್ಲಿ 9 ಬಂದಿದ್ದರೆ ಉತ್ತರ 7 ಕೋಟಿಯಿಂದ 9 ಕೋಟಿಗೆ ಹಾರುತ್ತಿತ್ತು. ಎರಡು ಕಾಲನಿಗೆ ಎರಡು ಕೋಟಿ!

ಮೊದಲ ಸೆಮ್ ಹುಡುಗಿ

ಇಲ್ಲ, 0.1 ಹಾಕಿದ್ದೇನೆ. ರೆಕಾರ್ಡ್‌ನಲ್ಲಿ ಇರುವುದು ಹೀಗೆ: 64 ÷ (0.1 × 10⁻⁵). ಅದಕ್ಕೇ ತಲೆ ಕೆಟ್ಟಿರೋದು.

ಪೆಟ್ರಿ ತಟ್ಟೆ

ಹಾಗಾದರೆ ಉತ್ತರ ಸರಿ ಬರಲೇಬೇಕು. ಟ್ಯೂಬ್ ಗುರುತು ಅದಲುಬದಲು ಆಗಿರಬಹುದಾ?

ಕಡಲ ತಡಿ

ಟ್ಯೂಬ್ ಗುರುತು ಅದಲುಬದಲಾದರೆ ಕಾಲನಿ ಸಂಖ್ಯೆ ತಪ್ಪುತ್ತದೆ ಮಾರಾಯ್ರೆ, ಭಾಗಾಕಾರ ಹೇಗೆ ತಪ್ಪುತ್ತದೆ? ಅವರು ಬರೆದ ಸಾಲೇ ಸರಿ ಉಂಟಲ್ಲ.

ನಾನು ಲ್ಯಾಬ್‌ನಲ್ಲಿ ಟ್ಯೂಬ್ ತುಂಬಿಸಿಡುವವ. ಒಂದು ಹಳೇ ಕಥೆ ಹೇಳುತ್ತೇನೆ, ಇದಕ್ಕೆ ಸಂಬಂಧ ಇಲ್ಲದಿದ್ದರೂ ಇರಲಿ. ಒಂದು ವರ್ಷ "1:10 ಮಾಡಬೇಕು, ಟ್ಯೂಬ್ ರೆಡಿ ಮಾಡಿ" ಅಂದರು. ನಾನು ಎಲ್ಲದಕ್ಕೂ 10 ಮಿ.ಲೀ. ಸಲೈನ್ ಹಾಕಿಟ್ಟೆ. ಮಕ್ಕಳು ಅದಕ್ಕೆ 1 ಮಿ.ಲೀ. ಸೇರಿಸಿದರು. ಆಗ ಒಟ್ಟು 11 ಆಯಿತು. ಒಂದು ಟ್ಯೂಬ್‌ನಲ್ಲಿ ಏನೂ ಗೊತ್ತಾಗುವುದಿಲ್ಲ. ಆದರೆ ಐದು ಟ್ಯೂಬ್ ದಾಟಿದರೆ 11ನ್ನು ಐದು ಸಲ ಗುಣಿಸಬೇಕು, 1,61,051. ಮಕ್ಕಳು ಬರೆದದ್ದು 1,00,000. ಇಡೀ ಬ್ಯಾಚಿನ ಲೆಕ್ಕ ಮಣ್ಣುಪಾಲು. ನಿಜವಾಗಿ ಮಣ್ಣಿನದೇ ಪಾಲು.

ನಿವೃತ್ತ ಮೇಷ್ಟ್ರು

ಕಡಲ ತಡಿಯವರು ಹೇಳಿದ್ದು ಬಹಳ ಮುಖ್ಯ. 1:10 ಎಂದು ಬರೆದರೆ ಒಬ್ಬರು ಒಂದಕ್ಕೆ ಹತ್ತು ಸೇರಿಸುತ್ತಾರೆ, ಇನ್ನೊಬ್ಬರು ಒಟ್ಟು ಹತ್ತು ಮಾಡುತ್ತಾರೆ. ನಾನು ಮಕ್ಕಳಿಗೆ "ಹತ್ತು ಪಟ್ಟು ತೆಳು ಮಾಡಿ" ಎಂದೇ ಹೇಳುತ್ತಿದ್ದೆ. ಅಥವಾ "1 ಹಾಕಿ, 9 ಹಾಕಿ" ಎಂದು.

ಮೂವತ್ತು ವರ್ಷ ಲ್ಯಾಬ್‌ನಲ್ಲಿ ನಿಂತು ನೋಡಿದ್ದೇನೆ. ಮಕ್ಕಳಿಗೆ ಕೂಡು ಕಳೆ ಬರುವುದಿಲ್ಲ ಅಂತಲ್ಲ. ಮಜ್ಜಿಗೆಗೆ ಎಷ್ಟು ನೀರು ಬೆರೆಸಿದೆ ಅಂತ ಅವರಿಗೆ ಗೊತ್ತು. ಸೂತ್ರ ಕಂಡ ಕೂಡಲೇ ತಾವು ಕೈಯಾರೆ ಮಾಡಿದ್ದನ್ನೇ ಮರೆತುಬಿಡುತ್ತಾರೆ. ಅದಕ್ಕೇ ನಾನು ಸೂತ್ರ ಬರೆಸುವ ಮೊದಲು ಚಿತ್ರ ಬರೆಸುತ್ತಿದ್ದೆ. ಆರು ಟ್ಯೂಬ್, ನಡುವೆ ಬಾಣ, ಬಾಣದ ಮೇಲೆ ಎಷ್ಟು ಮಿ.ಲೀ. ಹೋಯಿತು ಅಂತ. ಕೊನೆಗೆ ಪ್ಲೇಟ್, ಅದಕ್ಕೂ ಬಾಣ, ಅದರ ಮೇಲೆ 0.1. ಚಿತ್ರದಲ್ಲಿ ಹಿಂದಕ್ಕೆ ನಡೆದುಕೊಂಡು ಬಂದರೆ ಉತ್ತರ ತಾನಾಗಿ ಬರುತ್ತದೆ.

ಈಗ ಒಂದು ಪ್ರಶ್ನೆ ಮಗಳೇ. ಕ್ಯಾಲ್ಕುಲೇಟರ್‌ನಲ್ಲಿ 10⁻⁵ ಅನ್ನು ಹೇಗೆ ಒತ್ತಿದೆ? ಒತ್ತಿದ ಬಟನ್ ಒಂದೊಂದನ್ನೂ ಬರೆ.

ಮೊದಲ ಸೆಮ್ ಹುಡುಗಿ

ಸರ್, 64, ಭಾಗಿಸು, ಬ್ರಾಕೆಟ್, 0.1, ಗುಣಿಸು, ಆಮೇಲೆ 10, ಇಎಕ್ಸ್‌ಪಿ ಬಟನ್, ಮೈನಸ್ 5, ಬ್ರಾಕೆಟ್ ಮುಚ್ಚು.

ನಿವೃತ್ತ ಮೇಷ್ಟ್ರು

ಸಿಕ್ಕಿತು ನಿನ್ನ ಸೊನ್ನೆ.

ಇಎಕ್ಸ್‌ಪಿ ಬಟನ್ ಅಂದರೇನೇ "ಗುಣಿಸು ಹತ್ತರ ಘಾತ" ಅಂತ. ಅದರೊಳಗೇ ಒಂದು ಹತ್ತು ಇದೆ. ನೀನು ಹೊರಗಿಂದ ಇನ್ನೊಂದು ಹತ್ತು ಕೊಟ್ಟೆ. ಹಾಗಾಗಿ ಅದು ಓದಿಕೊಂಡದ್ದು 10 × 10⁻⁵, ಅಂದರೆ 10⁻⁴. ನೀನು ಒತ್ತಬೇಕಿದ್ದದ್ದು 1, ಇಎಕ್ಸ್‌ಪಿ, ಮೈನಸ್ 5. ಪಕ್ಕದವಳು ಬಹುಶಃ ಕೈಯಲ್ಲೇ ಲೆಕ್ಕ ಹಾಕಿರಬೇಕು.

ಮೊದಲ ಸೆಮ್ ಹುಡುಗಿ

ಅಯ್ಯೋ! ಹೌದು ಸರ್, ಅವಳ ಹತ್ತಿರ ಕ್ಯಾಲ್ಕುಲೇಟರ್ ಇರಲೇ ಇಲ್ಲ. ನನ್ನದನ್ನು ಕೇಳಿದ್ದಳು, ನಾನು ಕೊಡಲಿಲ್ಲ 🙈

ಪೆಟ್ರಿ ತಟ್ಟೆ

ನಾನು ಸೋತೆ. ಎಂಎಸ್ಸಿ ಮುಗಿಸುತ್ತಿದ್ದೇನೆ, ಇದು ಹೊಳೆಯಲಿಲ್ಲ. ಇದರ ಅಣ್ಣನೊಬ್ಬ ಇದ್ದಾನೆ: ಬ್ರಾಕೆಟ್ ಹಾಕದೆ 64 ÷ 0.1 × 10⁻⁵ ಒತ್ತಿದರೆ 0.0064 ಬರುತ್ತದೆ. ಒಂದು ಗ್ರಾಂ ಮಣ್ಣಿನಲ್ಲಿ ಒಂದು ಬ್ಯಾಕ್ಟೀರಿಯಾದ ಚೂರು. ಅದನ್ನೂ ನೀಟಾಗಿ ರೆಕಾರ್ಡ್‌ನಲ್ಲಿ ಬರೆದು ಕೆಳಗೆ ಎರಡು ಗೆರೆ ಎಳೆದವರನ್ನು ನೋಡಿದ್ದೇನೆ.

ಮಣ್ಣಿನ ವಾಸನೆ

ಅಗ್ರಿ ಓದುವವನ ಕಡೆಯಿಂದ ಒಂದು ಮಾತು. ನೀವು ತೂಗಿದ 1 ಗ್ರಾಂನಲ್ಲಿ ನೀರೂ ಇತ್ತಲ್ವಾ? ನಾವು ಒಣ ಮಣ್ಣಿನ ತೂಕಕ್ಕೆ ಬರೆಯುತ್ತೇವೆ. ಅದೇ ಮಣ್ಣಿನ ಇನ್ನೊಂದು ಪಾಲನ್ನು 105 ಡಿಗ್ರಿ ಓವನ್‌ನಲ್ಲಿ ತೂಕ ನಿಲ್ಲುವವರೆಗೆ ಒಣಗಿಸಿ. 1 ಗ್ರಾಂ 0.8 ಗ್ರಾಂ ಆಯಿತು ಅಂದುಕೊಳ್ಳಿ. ಆಗ 6.4 × 10⁷ ÷ 0.8 = 8 × 10⁷. ಮಳೆ ಬಂದ ಮರುದಿನದ ಮಣ್ಣನ್ನೂ ಬೇಸಿಗೆಯ ಮಣ್ಣನ್ನೂ ಹೋಲಿಸಬೇಕಾದರೆ ಇದು ಬೇಕೇ ಬೇಕು. ಮೊದಲ ವರ್ಷಕ್ಕೆ ಕೇಳಲ್ಲ, ಆದರೂ ವೈವಾದಲ್ಲಿ (ಬಾಯಿ ಪರೀಕ್ಷೆ) ಹೇಳಿದರೆ ಹೊರಗಿಂದ ಬಂದ ಪರೀಕ್ಷಕರು ಖುಷಿ ಪಡ್ತಾರೆ.

ಹುಬ್ಬಳ್ಳಿ ರಕ್ತದ ಲ್ಯಾಬ್

ಎಲ್ಲರೂ ಮಣ್ಣು ಹಿಡ್ಕೊಂಡು ಕೂತೀರಲ್ಲ, ಆ ಹುಡುಗಿ ರಕ್ತದ ಪ್ರಶ್ನೆ ಕೇಳಿ ಎರಡು ತಾಸಾಯ್ತು!

ತಂಗಿ, ಹೆದರಬೇಡ. 26,400 ನೋಡಿದ ಕೂಡಲೇ ನನಗೆ ಅದನ್ನು 4ರಿಂದ ಭಾಗಿಸಬೇಕು ಅನ್ನಿಸ್ತು. 6,600. ಹೇಳು, ನೀನು ನ್ಯೂಬಾರ್ ಚೇಂಬರಿನ (ಕಣ ಎಣಿಸುವ ಗೆರೆ ಹಾಕಿದ ಗಾಜು) ನಾಲ್ಕು ಮೂಲೆ ಚೌಕ ಎಣಿಸಿ ಕೂಡಿಸಿ 200ರಿಂದ ಗುಣಿಸಿದ್ದೀಯಾ? ಒಟ್ಟು 132 ಕಣ ಬಂದಿತ್ತಾ?

ಮೊದಲ ಸೆಮ್ ಹುಡುಗಿ

ಅಣ್ಣಾ, 132ನೇ! ಹೇಗೆ ಗೊತ್ತಾಯಿತು?

ಹುಬ್ಬಳ್ಳಿ ರಕ್ತದ ಲ್ಯಾಬ್

26,400 ÷ 200. ಮಂತ್ರ ಏನಿಲ್ಲ.

ಈಗ ಪೂರ್ತಿ ಕೇಳು. ನ್ಯೂಬಾರ್ ಚೇಂಬರ್‌ನ ಒಂದು ಮೂಲೆ ಚೌಕ 1 ಮಿ.ಮೀ. ಉದ್ದ, 1 ಮಿ.ಮೀ. ಅಗಲ. ಕವರ್ ಸ್ಲಿಪ್ ಮತ್ತು ತಳದ ನಡುವೆ ಆಳ 0.1 ಮಿ.ಮೀ. ಹಾಗಾಗಿ ಒಂದು ಚೌಕದ ಮೇಲೆ ನಿಂತ ದ್ರವ 0.1 ಘನ ಮಿ.ಮೀ. ನಾಲ್ಕು ಚೌಕ ಎಣಿಸಿದರೆ 0.4. ರಕ್ತವನ್ನು 20 ಪಟ್ಟು ತೆಳು ಮಾಡಿದ್ದೀಯ. ಆದ್ದರಿಂದ 132 × 20 ÷ 0.4 = 6,600. ಚಿಕ್ಕದಾಗಿ ಹೇಳಿದರೆ ನಾಲ್ಕರ ಮೊತ್ತಕ್ಕೆ 50. ನಿನ್ನ ಪುಸ್ತಕದ 200 ಒಂದು ಚೌಕದ ಸರಾಸರಿಗೆ. ಸರಾಸರಿ 33, 33 × 200 ಅಂದರೂ 6,600. ನೀನು ಮೊತ್ತವನ್ನು ತಗೊಂಡು ಸರಾಸರಿಯ ಗುಣಕ ಹಚ್ಚಿದೆ.

ಕೆಂಪು ಕಣಕ್ಕೆ ಬೇರೆ. ನಡುವಿನ ದೊಡ್ಡ ಚೌಕದಲ್ಲಿ 25 ಚೌಕಗಳಿವೆ, ಅದರಲ್ಲಿ 5 ಎಣಿಸುತ್ತೇವೆ. ಅದರ ಗಾತ್ರ 0.02 ಘನ ಮಿ.ಮೀ. ತೆಳು ಮಾಡುವುದು 200 ಪಟ್ಟು. ಹಾಗಾಗಿ ಗುಣಕ 10,000. 480 ಕಣ ಕಂಡರೆ 48 ಲಕ್ಷ.

ಗೆರೆ ಮೇಲೆ ಕೂತ ಕಣಗಳಿಗೆ ಒಂದು ನಿಯಮ ಇಟ್ಕೋ. ಎಡ ಮತ್ತು ಮೇಲಿನ ಗೆರೆ ಮುಟ್ಟಿದ್ದನ್ನು ಎಣಿಸು, ಬಲ ಮತ್ತು ಕೆಳಗಿನದ್ದನ್ನು ಬಿಡು. ಇಲ್ಲದಿದ್ದರೆ ಪಕ್ಕದ ಚೌಕದಲ್ಲಿ ಅದೇ ಕಣ ಮತ್ತೆ ಲೆಕ್ಕಕ್ಕೆ ಬರುತ್ತದೆ.

ಪೆಟ್ರಿ ತಟ್ಟೆ

ನನಗೊಂದು ಬಹಳ ದಿನದ ಅನುಮಾನ. ಡಬ್ಲ್ಯುಬಿಸಿ (ಬಿಳಿ ರಕ್ತಕಣ) ಪಿಪೆಟ್‌ನಲ್ಲಿ ರಕ್ತವನ್ನು 0.5 ಗುರುತಿನವರೆಗೆ ಎಳೆಯುತ್ತೇವೆ, ಆಮೇಲೆ ರಕ್ತ ತೆಳು ಮಾಡುವ ಟರ್ಕ್ ದ್ರವವನ್ನು 11ರವರೆಗೆ. 11 ÷ 0.5 ಅಂದರೆ 22 ಅಲ್ವಾ? 20 ಹೇಗೆ?

ಹುಬ್ಬಳ್ಳಿ ರಕ್ತದ ಲ್ಯಾಬ್

ಈ ಪ್ರಶ್ನೆ ಕೇಳುವವರು ಭಾಳ ಕಡಿಮೆ. ಪಿಪೆಟ್ ಕೈಯಲ್ಲಿ ಹಿಡಿದು ನೋಡ್ರಿ. ತುದಿಯಿಂದ 1ರ ಗುರುತಿನವರೆಗೆ ಸಣ್ಣ ಕೊಳವೆ, ಅದರ ಮೇಲೆ ಗುಂಡಗಿನ ಬಲ್ಬ್, ಅದರಾಚೆ 11. ರಕ್ತ ಮೊದಲು ಹೋಗುತ್ತದೆ, ಹಿಂದಿನಿಂದ ದ್ರವ ಅದನ್ನು ಬಲ್ಬ್ ಒಳಗೆ ತಳ್ಳುತ್ತದೆ. ಕೊನೆಗೆ ಸಣ್ಣ ಕೊಳವೆಯಲ್ಲಿ ಉಳಿಯುವುದು ಬರೀ ದ್ರವ, 1 ಭಾಗ. ಅದು ಬೆರೆಯುವುದೇ ಇಲ್ಲ. ಬೆರೆತದ್ದು ಬಲ್ಬಿನ 10 ಭಾಗ ಮಾತ್ರ. 10ರಲ್ಲಿ 0.5, ಅಂದರೆ 20 ಪಟ್ಟು. ಕೆಂಪು ಕಣದ ಪಿಪೆಟ್‌ನಲ್ಲೂ ಇದೇ ಆಟ. ಗುರುತು 101, ಬಲ್ಬ್ 100, ರಕ್ತ 0.5. ಹಾಗಾಗಿ 200.

ಅದಕ್ಕೇ ಚೇಂಬರ್‌ಗೆ ಬಿಡುವ ಮೊದಲು ಎರಡು ಮೂರು ಹನಿ ಚೆಲ್ಲಬೇಕು ಅನ್ನೋದು. ಚೆಲ್ಲದೆ ಮೊದಲ ಹನಿಯನ್ನೇ ಬಿಟ್ಟರೆ ಚೌಕದಲ್ಲಿ ಕಣವೇ ಕಾಣಲ್ಲ, ಸುಮ್ನೆ ಮೈಕ್ರೋಸ್ಕೋಪ್ ಕೆಟ್ಟಿದೆ ಅಂತ ಕಂಪ್ಲೇಂಟ್ ಬರುತ್ತದೆ.

ನಿವೃತ್ತ ಮೇಷ್ಟ್ರು

ಭಲೇ. ನಾನೂ "ಹನಿ ಚೆಲ್ಲಿ" ಎಂದು ಎಷ್ಟೋ ವರ್ಷ ಹೇಳಿದ್ದೇನೆ. ಯಾಕೆ ಎಂದು ಇಷ್ಟು ಚೆನ್ನಾಗಿ ಹೇಳಿದ್ದೆನೋ ಇಲ್ಲವೋ.

ಕಡಲ ತಡಿ

70% ಆಲ್ಕೋಹಾಲ್ ಬಗ್ಗೆ ಯಾರೂ ಮಾತಾಡಲಿಲ್ಲ. ನಮ್ಮಲ್ಲಿ ಪ್ರತಿ ವರ್ಷ ಇದು ಆಗುವುದು ಉಂಟು. ಬಾಟಲಿಯಲ್ಲಿ ಇರುವುದು 95%. ಮಕ್ಕಳು 70 ಮಿ.ಲೀ. ಅದನ್ನು ಹಾಕಿ, 30 ಮಿ.ಲೀ. ನೀರು ಹಾಕಿ, ಲೇಬಲ್ ಅಂಟಿಸುತ್ತಾರೆ. ಅದು 70 ಅಲ್ಲ, ಸುಮಾರು 66.5. ಸಿ1ವಿ1 = ಸಿ2ವಿ2 (ಸಾಂದ್ರತೆ × ಗಾತ್ರ ಎರಡೂ ಕಡೆ ಸಮ) ಬಾಯಿಪಾಠ ಬರುತ್ತದೆ, ಬಾಟಲಿ ಎದುರಿಗಿದ್ದಾಗ ನೆನಪಾಗುವುದಿಲ್ಲ. 70 × 100 ÷ 95 = 73.7. ಅಷ್ಟು ಆಲ್ಕೋಹಾಲ್ ಸಿಲಿಂಡರ್‌ಗೆ ಹಾಕಿ, ನೀರು 100ರ ಗೆರೆಗೆ *ಮುಟ್ಟುವವರೆಗೆ* ಹಾಕಬೇಕು. 26.3 ಅಳೆದು ಹಾಕುವುದಲ್ಲ. ಆಲ್ಕೋಹಾಲ್, ನೀರು ಸೇರಿದಾಗ ಸ್ವಲ್ಪ ಕುಗ್ಗುತ್ತದೆ, ಗೆರೆ ಮುಟ್ಟುವುದಿಲ್ಲ.

ಪೆಟ್ರಿ ತಟ್ಟೆ

ಮೋಲಾರ್ ದ್ರಾವಣದ್ದೂ (1 ಮೋಲಾರ್ ಅಂದರೆ ಒಂದು ಲೀಟರಿನಲ್ಲಿ ಅಣುತೂಕದಷ್ಟು ಗ್ರಾಂ) ಸೇರಿಸಿ. ನನ್ನ ಮೊದಲ ವರ್ಷದ ಅವಮಾನ ಇದು. 0.1 ಮೋಲಾರ್ ಕಾಪರ್ ಸಲ್ಫೇಟ್, 100 ಮಿ.ಲೀ. ಬೇಕಿತ್ತು. ಪುಸ್ತಕದಿಂದ ಅಣುತೂಕ 159.6 ತಗೊಂಡು 1.596 ಗ್ರಾಂ ತೂಗಿದೆ. ಬಾಟಲಿಯಲ್ಲಿ ಇದ್ದದ್ದು ನೀಲಿ ಹರಳು. ಅದರಲ್ಲಿ ಐದು ನೀರಿನ ಅಣು ಕೂತಿರುತ್ತವೆ, ತೂಕ 249.7. ಬೇಕಿದ್ದದ್ದು 2.497 ಗ್ರಾಂ. ನಾನು ಮಾಡಿದ್ದು 0.064 ಮೋಲಾರ್. ಬಣ್ಣ ನೋಡಿದರೆ ಗೊತ್ತಾಗಲ್ಲ, ಎರಡೂ ನೀಲಿಯೇ. ಅವತ್ತಿನಿಂದ ಲೇಬಲ್ ಓದದೆ ಸ್ಪ್ಯಾಚುಲಾ ಮುಟ್ಟಲ್ಲ.

ಬಟಾಣಿ ಕಾಳು

ಜೆನೆಟಿಕ್ಸ್‌ನವರು ಯಾರೂ ಇಲ್ವಾ? ಕೈ-ಸ್ಕ್ವೇರ್ (ಎಣಿಸಿದ ಸಂಖ್ಯೆ ನಿರೀಕ್ಷಿಸಿದ್ದಕ್ಕೆ ಹೊಂದುತ್ತದಾ ಅಂತ ನೋಡುವ ಪರೀಕ್ಷೆ) ಬಿಟ್ಟು ಇದೇನು ಲ್ಯಾಬ್ ಲೆಕ್ಕ!

ಮೆಂಡೆಲ್‌ನ ಅಂಕಿಗಳನ್ನೇ ತಗೊಳ್ಳಿ. ಎರಡನೇ ಪೀಳಿಗೆಯಲ್ಲಿ ದುಂಡು ಕಾಳು 5,474, ಸುಕ್ಕು ಕಾಳು 1,850. ಒಟ್ಟು 7,324. 3:1 ಆದರೆ 5,493 ಮತ್ತು 1,831 ಬರಬೇಕಿತ್ತು. ಎರಡೂ ಕಡೆ ವ್ಯತ್ಯಾಸ 19. ಅದರ ವರ್ಗ 361. ಅದನ್ನು 5,493ರಿಂದ ಒಮ್ಮೆ, 1,831ರಿಂದ ಒಮ್ಮೆ ಭಾಗಿಸಿ ಕೂಡಿಸಿ: 0.066 + 0.197, ಅಂದರೆ 0.263. ಪಟ್ಟಿಯಲ್ಲಿ ಒಂದು ಡಿಗ್ರಿ ಆಫ್ ಫ್ರೀಡಂಗೆ (ಎರಡು ಗುಂಪು, ಅದರಲ್ಲಿ ಒಂದು ಕಳೆದರೆ) ಮಿತಿ 3.841. ಅದಕ್ಕಿಂತ ತುಂಬಾ ಕಡಿಮೆ, ಆದ್ದರಿಂದ 3:1ಕ್ಕೆ ಅಡ್ಡಿ ಇಲ್ಲ.

ನಮ್ಮ ಬ್ಯಾಚಿನ ತಪ್ಪು ಏನು ಗೊತ್ತಾ? ಮೊದಲು ಎಲ್ಲವನ್ನೂ ಶೇಕಡಾ ಮಾಡಿಕೊಂಡು, ಆಮೇಲೆ ಕೈ-ಸ್ಕ್ವೇರ್ ಹಾಕಿದೆವು. ಹಾಗೆ ಮಾಡಿದರೆ ಇದೇ ಅಂಕಿಗೆ 0.0036 ಬರುತ್ತದೆ. ಏಳು ಸಾವಿರ ಕಾಳು ಎಣಿಸಿದವನನ್ನು ನೂರು ಕಾಳು ಎಣಿಸಿದವನ ಪಕ್ಕ ಕೂರಿಸಿದ ಹಾಗೆ. ಎಣಿಸಿದ ಸಂಖ್ಯೆಯನ್ನೇ ಹಾಕಬೇಕು.

ಮಣ್ಣಿನ ವಾಸನೆ

ಆದರೆ ಆಲೂಗಡ್ಡೆ ತುಂಡು ನೀರು ಹೀರುತ್ತದಾ, ಬಿಡುತ್ತದಾ ಅಂತ ನೋಡುವ ಪ್ರಯೋಗಕ್ಕೆ ಶೇಕಡಾ ಬೇಕೇ ಬೇಕು. ಅಲ್ಲಿ ಎರಡು ತುಂಡು ಒಂದೇ ತೂಕ ಇರಲ್ಲ. ಶುದ್ಧ ನೀರಿನಲ್ಲಿಟ್ಟ ತುಂಡು 2.50ರಿಂದ 2.85 ಗ್ರಾಂ ಆಯಿತು, 14% ಜಾಸ್ತಿ. ಸಕ್ಕರೆ ನೀರಿನದ್ದು 2.60ರಿಂದ 2.21ಕ್ಕೆ ಇಳಿಯಿತು. ಇದು ಎಷ್ಟು ಅಂತ ಕೇಳಿದರೆ ಅರ್ಧ ಕ್ಲಾಸ್ 17.6 ಅನ್ನುತ್ತದೆ, ಯಾಕಂದರೆ ಕೊನೆಯ ತೂಕದಿಂದ ಭಾಗಿಸುತ್ತಾರೆ. ಮೊದಲಿನ ತೂಕದಿಂದ ಭಾಗಿಸಬೇಕು, ಮೈನಸ್ 15%. ಆ ಮೈನಸ್ ಬರೆಯುವುದನ್ನೂ ಮರೆಯಬೇಡಿ, ಗ್ರಾಫ್ ಸೊನ್ನೆ ಗೆರೆ ದಾಟುವ ಜಾಗವೇ ಆ ಪ್ರಯೋಗದ ಜೀವ. ಆ ಜಾಗದ ಸಕ್ಕರೆ ನೀರಿನಲ್ಲಿ ಆಲೂಗಡ್ಡೆ ಉಬ್ಬಲ್ಲ, ಸೊರಗಲ್ಲ.

ಮತ್ತೆ, ತೂಗುವ ಮೊದಲು ತುಂಡನ್ನು ಒರೆಸಿ. ಒಬ್ಬ ಒರೆಸುತ್ತಾನೆ, ಇನ್ನೊಬ್ಬ ಹಾಗೇ ತೂಗುತ್ತಾನೆ. ಆಮೇಲೆ ಲೆಕ್ಕ ತಪ್ಪು ಅಂತ ಸೂತ್ರಕ್ಕೆ ಬೈಯುತ್ತಾರೆ.

ನಿವೃತ್ತ ಮೇಷ್ಟ್ರು

ಮೈಕ್ರೋಸ್ಕೋಪ್ ಬಗ್ಗೆ ಎರಡು ಸಾಲು, ಆಮೇಲೆ ಮಲಗುತ್ತೇನೆ. ಕಣ್ಣಿನ ಕಡೆಯ ಅಳತೆಪಟ್ಟಿಯ ಗೆರೆಗಳಿಗೆ ಸ್ವಂತ ಬೆಲೆ ಇಲ್ಲ. ಸ್ಟೇಜ್ ಮೈಕ್ರೋಮೀಟರ್‌ನಲ್ಲಿ (ಸ್ಲೈಡಿನ ಜಾಗದಲ್ಲಿ ಇಡುವ ಅಳತೆಪಟ್ಟಿ) 1 ಮಿ.ಮೀ. ನೂರು ಭಾಗವಾಗಿರುತ್ತದೆ, ಒಂದು ಭಾಗ 10 ಮೈಕ್ರೋಮೀಟರ್. 40ರ ಲೆನ್ಸ್‌ನಲ್ಲಿ ಕಣ್ಣಿನ ಪಟ್ಟಿಯ 40 ಗೆರೆ, ಸ್ಟೇಜಿನ 10 ಗೆರೆಗೆ ಕೂಡಿ ಬಂದರೆ ಒಂದು ಗೆರೆಗೆ 100 ÷ 40 = 2.5 ಮೈಕ್ರೋಮೀಟರ್. ಈರುಳ್ಳಿ ಪೊರೆಯ ಕೋಶ 80 ಗೆರೆ ಉದ್ದ ಇದ್ದರೆ 200 ಮೈಕ್ರೋಮೀಟರ್. ಲೆನ್ಸ್ ತಿರುಗಿಸಿದ ಕೂಡಲೇ 2.5 ಸತ್ತುಹೋಯಿತು, ಹೊಸದಾಗಿ ಕೂಡಿಸಿ ನೋಡಬೇಕು. 10ರ ಲೆನ್ಸ್‌ನಲ್ಲಿ ಅಳೆದು 2.5ರಿಂದ ಗುಣಿಸಿ, 50 ಮೈಕ್ರೋಮೀಟರ್ ಕೋಶ ಬರೆದ ರೆಕಾರ್ಡ್‌ಗಳಿಗೆ ನಾನು ಎಷ್ಟು ಕೆಂಪು ಇಂಕು ಸುರಿದಿದ್ದೇನೋ.

ಮೊದಲ ಸೆಮ್ ಹುಡುಗಿ (ಎರಡು ದಿನದ ನಂತರ)

ಎಲ್ಲರಿಗೂ ಥ್ಯಾಂಕ್ಸ್. ಟ್ಯೂಬ್ ಚಿತ್ರ ಬರೆದು, ಬಾಣ ಹಾಕಿ, 6.4 × 10⁷ ತೋರಿಸಿದೆ. ಸೈನ್ ಆಯಿತು. ಇಎಕ್ಸ್‌ಪಿ ಕಥೆ ಕ್ಲಾಸ್‌ನಲ್ಲಿ ಹೇಳಿದ್ದಕ್ಕೆ ಇನ್ನೂ ನಾಲ್ಕು ಜನ ತಮ್ಮ ರೆಕಾರ್ಡ್ ತೆರೆದು ಗಾಬರಿಯಾದರು. ಕ್ಯಾಲ್ಕುಲೇಟರ್ ಕೊಡದಿದ್ದಕ್ಕೆ ಪಕ್ಕದವಳಿಗೆ ಒಂದು ಮಸಾಲೆ ಪುರಿ ಕೊಡಿಸಬೇಕಾಯಿತು.

ರಕ್ತದ ಲೆಕ್ಕವೂ ಸರಿ ಮಾಡಿದೆ, 6,600. ಆದರೆ ಅಣ್ಣಾ, ಒಂದು ಎಡವಟ್ಟಾಗಿದೆ. 26,400 ಬಂದ ದಿನವೇ ಅಮ್ಮನಿಗೆ ಫೋನ್ ಮಾಡಿ ಅತ್ತುಬಿಟ್ಟಿದ್ದೆ. ಅಮ್ಮ ಅವತ್ತು ಸಂಜೆಯೇ ಧರ್ಮಸ್ಥಳಕ್ಕೆ ಹರಕೆ ಹೊತ್ತಿದ್ದಾರೆ. ಈಗ ಲೆಕ್ಕ ತಪ್ಪಾಗಿತ್ತು ಅಂದರೆ, "ಹರಕೆ ಹೊತ್ತಿದ್ದಕ್ಕೇ ಕಡಿಮೆ ಆಯ್ತು" ಅಂತಾರೆ.

ಹುಬ್ಬಳ್ಳಿ ರಕ್ತದ ಲ್ಯಾಬ್

ಅಮ್ಮನ ಹತ್ತಿರ ವಾದ ಮಾಡಬೇಡ ತಂಗಿ. ಹೋಗಿ ಬಾ. ಪ್ರಸಾದ ತರುವಾಗ ನಾಲ್ಕರಿಂದ ಭಾಗಿಸಬೇಡ.